ಮಣ್ಣಿನ ಪಾತ್ರೆಗೆ ಉಬ್ಬುಚಿತ್ತಾರ

ನಮ್ಮ ಕಡೆಯ ರೈತರು ಮಿರಗವೆಂದು ಕರೆಯುವ ಮೃಗಶಿರಾ ನಕ್ಷತ್ರದ ಮಳೆಯು ರಾತ್ರಿಯೆಲ್ಲ ಸುರಿದು ಬೆಳಗಿಗೆ ಹೊಳವಾದ ದಿವಸ, ವಾಚಕರು ತಮ್ಮ ಹಿತ್ತಲಿಗೆ ಹೋಗಿ, ಕಲ್ಲು ಹಾಸದೆ ಬಿಟ್ಟ ನೆಲವನ್ನು ತುಸು ಬಗ್ಗಿ ನೋಡಬೇಕು. ಹನಿಗಳ ಪೆಟ್ಟಿಗೆ ಮೇಲಿನ ಮಣ್ಣು ಕೊಚ್ಚಿಹೋಗಿರುತ್ತದೆ. ಆದರೆ ಒಂದೊಂದು ಹರಳಿನ ಕೆಳಗೂ ಗೋದಿಕಾಳಿನಷ್ಟೆತ್ತರದ ಮಣ್ಣಿನ ಕಂಬವೊಂದು ನಿಂತಿರುತ್ತದೆ. ಕಂಬದ ತಲೆಯ ಮೇಲೆ ಹರಳು ಛತ್ರಿಯಂತೆ ಕುಳಿತಿರುತ್ತದೆ. ಹರಳು ಆ ಮಣ್ಣನ್ನು ಮೇಲಕ್ಕೆತ್ತಿತೆಂದು ಮಕ್ಕಳು ತಿಳಿದಾರು. ಅದು ಏನನ್ನೂ ಎತ್ತಲಿಲ್ಲ. ತನ್ನ ಕೆಳಗಿನಷ್ಟನ್ನು ಕಾಯ್ದುಕೊಂಡಿತು, ಸುತ್ತಲಿನ ನೆಲವು ತಾನಾಗಿ ತಗ್ಗಿತು.

ಈ ತಿಂಗಳು ನಾವು ಹೇಳಹೊರಟಿರುವ ಕೈಗೆಲಸದ ಸೂತ್ರವೆಲ್ಲ ಇಷ್ಟೇ. ಕೈಯಿಂದ ಮಾಡಿದ, ಇನ್ನೂ ಸುಡದಿರುವ ಮಣ್ಣಿನ ಪಾತ್ರೆಯು ಚೆನ್ನಾಗಿ ಒಣಗಿದ ಮೇಲೆ ಅದರ ಮೈಮೇಲೆ ಅರಗಿನಿಂದಾಗಲಿ ಮೇಣದಿಂದಾಗಲಿ ಚಿತ್ತಾರ ಬರೆಯಬೇಕು. ಅದು ಆರಿದ ಬಳಿಕ ಒದ್ದೆಯ ಸ್ಪಂಜಿನಿಂದ ಮೆಲ್ಲಗೆ ಒರಸುತ್ತ ಹೋದರೆ, ಬರೆಯದೆ ಬಿಟ್ಟ ಭಾಗವು ನೀರಿಗೆ ಕರಗಿ ತಗ್ಗುವದು. ಬರೆದ ಭಾಗವು ಉಬ್ಬಾಗಿ ನಿಲ್ಲುವದು. ಆಮೇಲೆ ಆವಿಗೆಯಲ್ಲಿಟ್ಟು ಸುಟ್ಟರೆ ಅರಗು ಉರಿದು ಹೋಗುವದು. ಉಬ್ಬು ಮಾತ್ರ ಮಣ್ಣಿನದೇ ಆಗಿ ಉಳಿಯುವದು.

ಶಬ್ದಮಂಜರಿಯನ್ನು ಹುಡುಗರಿಂದ ಬಾಯಿಪಾಠ ಮಾಡಿಸುವದರಲ್ಲಿ ಆಯುಷ್ಯವನ್ನು ಕಳೆದ ಮಾಸ್ತರನಿಗೆ ಈ ಕುಂಬಾರಿಕೆಯ ಉಸಾಬರಿ ಎಲ್ಲಿಂದ ಬಂತೆಂದು ನಮ್ಮನ್ನು ಬಲ್ಲವರು ಕೇಳಬಹುದು. ತರ್ಕಶಾಸ್ತ್ರದಲ್ಲಿ ಮಾತು ಮಾತಿಗೂ ಘಟವು ಬರುತ್ತದೆ. ಮೃತ್ತಿಕೆಯು ಅದರ ಸಮವಾಯಿಕಾರಣ, ದಂಡಚಕ್ರಗಳು ನಿಮಿತ್ತಕಾರಣವೆಂದು ನಾವು ಎಷ್ಟೋ ಸಲ ಹೇಳಿದ್ದೇವೆ. ಸರ್ವಜ್ಞನ ತಾಯಿಯು ಕುಂಬಾರ ಕುಲದವಳೆಂಬ ಪ್ರತೀತಿಯುಳ್ಳ ಸೀಮೆ ನಮ್ಮದು. ಆದರೂ ಅರವತ್ತು ತುಂಬುವವರೆಗೆ ಒಂದು ಹಣತೆಯನ್ನಾದರೂ ನಾವು ಕೈಯಾರೆ ಮಾಡಿದ್ದಿಲ್ಲ. ಮಾಡುವ ಪ್ರಸಂಗ ಬಂದದ್ದು ಮನೆಯ ಒಂದು ಸಂಕಟದಿಂದ. ಅದನ್ನು ಪತ್ರಿಕೆಯಲ್ಲಿ ಬರೆಯುವದು ಉಚಿತವೋ ಅಲ್ಲವೋ ಎಂದು ಬಹಳ ದಿವಸ ಅನುಮಾನಿಸಿ, ಕೊನೆಗೆ ನಮ್ಮ ಗೃಹಿಣಿಯನ್ನೇ ಕೇಳಿದೆವು. “ಬರೀರಿ. ನಾಕು ಮಂದಿಗೆ ಉಪಯೋಗ ಆಗೂದಿದ್ರ ಬಚ್ಚಿಟ್ಟು ಏನು ಮಾಡೂದದ?” ಎಂದು ಅವರು ಅಪ್ಪಣೆ ಕೊಟ್ಟರು.

ಸಂಗತಿ ಹೀಗಿದೆ. ಕೆಲವು ವರ್ಷಗಳಿಂದ ಅವರ ದೃಷ್ಟಿಯು ಕುಂದುತ್ತ ಬಂದಿತು. ಪೊರೆ ಬಂದಿರಬೇಕೆಂದು ಎಲ್ಲರಂತೆ ನಾವೂ ಉದಾಸೀನ ಮಾಡಿದೆವು. ತೋರಿಸಿದಾಗ ವೈದ್ಯರು ಅದು ಪೊರೆಯಲ್ಲ, ಗ್ಲಾಕೋಮಾ ಎಂದರು. ಈ ರೋಗದಲ್ಲಿ, ಬಹುಮಟ್ಟಿಗೆ ಕಣ್ಣಿನೊಳಗಿನ ಒತ್ತಡವು ಹೆಚ್ಚಿ, ದೃಷ್ಟಿಯ ನರವು ಕೆಡುತ್ತ ಹೋಗುತ್ತದೆ. ನೋವಿಲ್ಲದೆ, ಮೊದಲು ಅಂಚಿನ ನೋಟವನ್ನು ಕಸಿದುಕೊಳ್ಳುತ್ತದೆ. ಆದಕಾರಣ ರೋಗಿಗೆ ಗೊತ್ತಾಗುವದು ತಡ. ಪೊರೆಯನ್ನು ತೆಗೆದರೆ ನೋಟವು ಮರಳುವದುಂಟು. ಇದರಲ್ಲಿ ಹೋದದ್ದು ಮರಳುವದಿಲ್ಲ. ಹನಿಯೌಷಧದಿಂದಲೂ ಶಸ್ತ್ರಕ್ರಿಯೆಯಿಂದಲೂ ಉಳಿದಷ್ಟನ್ನು ಕಾಯ್ದುಕೊಳ್ಳಬಹುದು. ನಾಲ್ವತ್ತು ದಾಟಿದವರು, ಅದರಲ್ಲಿಯೂ ಮನೆತನದಲ್ಲಿ ಈ ರೋಗವಿದ್ದವರು, ಕಣ್ಣಿನ ಒತ್ತಡವನ್ನು ಆಗಾಗ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಈ ಸಂದರ್ಭದಲ್ಲಿಯೇ ಹೇಳಿಬಿಡುತ್ತೇವೆ. ನಾವು ಮಾಡದೆ ಹೋದದ್ದನ್ನು ವಾಚಕರಾದರೂ ಮಾಡಲಿ.

ನಮ್ಮ ಅಡಿಗೆಮನೆಯಲ್ಲಿ ಒಂದೇ ಗಾತ್ರದ, ಒಂದೇ ಹೊಳಪಿನ ಹನ್ನೆರಡು ಸ್ಟೀಲಿನ ಡಬ್ಬಿಗಳು ಸಾಲಾಗಿದ್ದವು. ಸೊಸೆಯು ಅಚ್ಚುಕಟ್ಟಿಗಾಗಿ ತಂದವುಗಳು. ಕಣ್ಣುಳ್ಳವರಿಗೆ ಅವು ಚೆಂದ. ಮಂದದೃಷ್ಟಿಯವರಿಗೆ ಹನ್ನೆರಡೂ ಒಂದೇ. ಒಂದು ವಸ್ತುವಿಗಾಗಿ ಅವರು ಆರು ಮುಚ್ಚಳ ತೆಗೆಯುವರು. ಒಂದು ಹಬ್ಬದ ದಿವಸ, ಬೀಗರು ಬಂದಿದ್ದಾಗ, ಅವಸರದಲ್ಲಿ ಪಾಯಸಕ್ಕೆ ಸಕ್ಕರೆಯ ಬದಲು ಉಪ್ಪು ಬಿದ್ದಿತು. ಯಾರೂ ಏನೂ ಅನ್ನಲಿಲ್ಲ. ಯಾರೂ ಅನ್ನದೆ ಇದ್ದದ್ದೇ ಅವರಿಗೆ ಹೆಚ್ಚು ಹತ್ತಿತೆಂದು ತೋರುತ್ತದೆ. ಮರುದಿವಸದಿಂದ ಅವರು ಒಲೆಯ ಹತ್ತಿರ ಸುಳಿಯಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಗೋಡೆಗೊರಗಿ ಕೂಡ್ರಹತ್ತಿದರು. ಸೊಸೆಯು ಕರೆದಳು, ಮಗನು ಕರೆದನು, “ನೀವು ಮಾಡ್ರಿ, ನಾ ಉಣ್ಣತೀನಿ” ಎಂದಷ್ಟೇ ಉತ್ತರ. ನಾಲ್ವತ್ತು ವರ್ಷ ಒಂದು ಮನೆಯ ಅನ್ನವನ್ನು ನಡೆಸಿದ ಕೈಗಳು ಮಡಿಲಲ್ಲಿ ಬರಿದೆ ಮಲಗಿರುವದನ್ನು ದಿನವೂ ನೋಡುವದು ಸುಲಭವಲ್ಲ.

ಉಪಾಯಗಳನ್ನು ಮಾಡಲಿಲ್ಲವೆಂದಲ್ಲ. ದೊಡ್ಡ ಅಕ್ಷರದ ಚೀಟಿಗಳನ್ನು ಅಂಟಿಸಿದೆವು. ಕೆಲವು ತಿಂಗಳಲ್ಲಿ ಆ ಅಕ್ಷರಗಳೂ ಅವರಿಗೆ ಮಸುಕಾದವು. ಡಬ್ಬಿಗಳಿಗೆ ಒಂದು, ಎರಡು, ಮೂರು ರಬ್ಬರಿನ ಪಟ್ಟಿಗಳನ್ನು ಹಾಕಿದೆವು. ಇದು ಒಳ್ಳೆಯ ಉಪಾಯ, ಯಾರೂ ಮಾಡಬಹುದು. ಆದರೆ ತೊಳೆಯುವಾಗ ಪಟ್ಟಿಗಳು ಕಳಚುವವು, ಒಂದರದು ಇನ್ನೊಂದಕ್ಕೆ ಹೋಗುವವು. “ದನಕ್ಕ ದಾವಣಿ ಕಟ್ಟಿಧಂಗ ಆತು” ಎಂದು ಅವರು ನಕ್ಕರು. ಆ ನಗೆಯು ನಮಗೆ ಸೇರಲಿಲ್ಲ.

ಇಷ್ಟರಲ್ಲಿ ನಮ್ಮ ಮೊಮ್ಮಗಳು ಬೇಸಿಗೆಯ ಶಿಬಿರವೊಂದರಲ್ಲಿ ಕಲಿತು, ಅಂಗೈಯಗಲದ ಒಂದು ಸುಟ್ಟ ಬಿಲ್ಲೆಯನ್ನು ತಂದು ಅಜ್ಜಿಯ ಕೈಯಲ್ಲಿಟ್ಟಳು. ಅದರ ಮೇಲೆ ಅರಳಿಯ ಎಲೆಯೊಂದು ಉಬ್ಬಿಕೊಂಡಿತ್ತು. ಅವರ ಹೆಬ್ಬೆರಳು ಎಲೆಯ ಅಂಚಿನಗುಂಟ ಸರಿದು, ಬಾಲದಂಥ ತುದಿಗೆ ಬಂದು ನಿಂತಿತು. “ಅರಳಿ ಎಲಿ,” ಎಂದರು. ಯಾರೂ ಹೇಳಿಕೊಟ್ಟಿರಲಿಲ್ಲ. ನಾವೂ ಮೊಮ್ಮಗಳೂ ಮುಖ ಮುಖ ನೋಡಿಕೊಂಡೆವು.

ಹಸ್ತನಿರ್ಮಿತ ಪಾತ್ರೆಯ ಮೇಲೆ ಬೆರಳಿಗೆ ಹತ್ತುವಂಥ ಉಬ್ಬನ್ನು ತರುವದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ನಮ್ಮ ಹಾವೇರಿ ಜಿಲ್ಲೆಯಲ್ಲಿಯೇ, ತುಂಗಭದ್ರೆಯ ದಂಡೆಯ ಮೇಲೆ, ಹಳ್ಳೂರೆಂಬ ಗ್ರಾಮವಿದೆ. ೧೯೬೫ರಲ್ಲಿ ಎಂ. ಎಸ್. ನಾಗರಾಜರಾಯರು ಅಲ್ಲಿ ಉತ್ಖನನ ನಡೆಯಿಸಿ, ನವಶಿಲಾಯುಗದ ಜನರು ಕಬ್ಬಿಣದ ಯುಗಕ್ಕೆ ಕಾಲಿಟ್ಟುದರ ಗುರುತುಗಳನ್ನು ಕಂಡರು. ೧೯೭೧ರಲ್ಲಿ ಅದರ ವರದಿಯು ಪ್ರಕಟವಾಯಿತು. ದಕ್ಷಿಣದ ನವಶಿಲಾಯುಗದ ಗೃಹಿಣಿಯರು ಬಳಸಿದ ಬೂದುಬಣ್ಣದ ಪಾತ್ರೆಗಳು ಬಹುಮಟ್ಟಿಗೆ ತಿಗರಿಯ ಸಹಾಯವಿಲ್ಲದೆ ಕೈಯಿಂದಲೇ ಆದವು. ಅವುಗಳಲ್ಲಿ ಕೆಲವಕ್ಕೆ ಮಣ್ಣಿನ ಎಳೆಯೊಂದನ್ನು ಸುತ್ತಲೂ ಅಂಟಿಸಿ, ಅದನ್ನು ಬೆರಳ ತುದಿಯಿಂದ ಸಾಲಾಗಿ ಒತ್ತಿ ಅಲಂಕರಿಸುತ್ತಿದ್ದರು. ಇದು ಕೂಡಿಸುವ ರೀತಿ.

ಮುಚ್ಚುವ ರೀತಿಯು ಆಮೇಲಿನದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರರು ಅಗೆಯಿಸಿದಾಗ, ಸಾತವಾಹನರ ಕಾಲದ ಪದರಗಳಲ್ಲಿ ಕೆಂಗಂದು ಲೇಪದ ಪಾತ್ರೆಗಳು ದೊರೆತವು. ಮೊದಲು ಬಿಳಿಯ ದ್ರವ್ಯದಿಂದ ಗೆರೆಗಳನ್ನೆಳೆದು, ಮೇಲೆ ಕೆಮ್ಮಣ್ಣಿನ ತೆಳುವಾದ ಲೇಪ ಕೊಟ್ಟು ಸುಟ್ಟ ಪಾತ್ರೆಗಳವು. ಲೇಪದ ಅಡಿಯಿಂದ ಗೆರೆಗಳು ತೋರುತ್ತವೆ. ಬನವಾಸಿಯಲ್ಲಿಯೂ ಇಂಥವು ಸಿಕ್ಕಿವೆ. ಕೆರೆದು ತೆಗೆಯುವ ರೀತಿಯನ್ನು ನೋಡಬೇಕಾದರೆ ಉತ್ತರ ಕನ್ನಡದ ಕರಾವಳಿಯ ದೇವಾಲಯಗಳಿಗೆ ಹೋಗಬೇಕು. ಅಲ್ಲಿಯ ಕಾವಿ ಕಲೆಯಲ್ಲಿ ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿಯನ್ನು ಬಳಿದು, ಅದು ಹಸಿಯಿರುವಾಗಲೇ ಬೇಕಾದಲ್ಲಿ ಕೆರೆದು ಬಿಳುಪನ್ನು ಹೊರತರುತ್ತಾರೆ.

ನಾವು ಹಿಡಿದದ್ದು ಇವು ಮೂರಕ್ಕೂ ಬೇರೆಯಾದ, ಇಂದಿನ ಕುಂಭಕಲಾವಿದರಲ್ಲಿ ರೂಢಿಯಲ್ಲಿರುವ ರೀತಿ. ಇದರಲ್ಲಿ ಕತ್ತಿಯ ಕೆಲಸವಿಲ್ಲ; ತೆಗೆಯುವದು ನೀರು, ತಡೆಯುವದು ಅರಗು. ಎಣ್ಣೆಗೈ ತಗಲಿದ ಗೋಡೆಗೆ ಸುಣ್ಣ ಹಿಡಿಯದಿರುವದನ್ನು ಕಂಡವರಿಗೆ ಇದರ ಮರ್ಮವು ಹೊಸತಲ್ಲ. ರೀತಿಯು ಈಚಿನದಾದರೂ ದ್ರವ್ಯಗಳು ಹಳೆಯವು. ಮುತ್ತುಗ, ಬೋರೆ ಮುಂತಾದ ಮರಗಳ ಟೊಂಗೆಗಳ ಮೇಲೆ ಒಂದು ಸೂಕ್ಷ್ಮ ಕೀಟವು ಸ್ರವಿಸುವ ಅಂಟೇ ಅರಗು. ಇಂದಿಗೂ ಜಾರ್ಖಂಡ, ಛತ್ತೀಸಗಡಗಳಲ್ಲಿ ಅದರ ಬೆಳೆ ಬಹಳ. ಅಮರಸಿಂಹನು ಅದಕ್ಕೆ ಕೊಟ್ಟ ಹೆಸರುಗಳಲ್ಲಿ ಲಾಕ್ಷಾ, ಜತು ಎಂಬವು ಎಲ್ಲರಿಗೂ ಗೊತ್ತು. ‘ದ್ರುಮಾಮಯ’, ಅಂದರೆ ಮರದ ರೋಗವೆಂಬದೂ ಒಂದು ಹೆಸರು. ರಕ್ಷೆಯ ನೆನಪನ್ನು ತರುವ ‘ರಾಕ್ಷಾ’ ಎಂಬದು ಇನ್ನೊಂದು. ಪಾಂಡವರ ಸಲುವಾಗಿ ಕಟ್ಟಿಸಿದ ಅರಗಿನ ಮನೆಯಲ್ಲಿ ಅರಗಿನ ಕೆಲಸವು ಮನೆಯನ್ನು ಸುಡುವದಾಗಿತ್ತು. ನಮ್ಮ ಆವಿಗೆಯಲ್ಲಿ ಅದು ತಾನೊಂದೇ ಸುಟ್ಟುಹೋಗುತ್ತದೆ. ಜೇನುಮೇಣವನ್ನು ಸಂಸ್ಕೃತದಲ್ಲಿ ಮಧೂಚ್ಛಿಷ್ಟವೆನ್ನುವರು. ಜೇನನ್ನು ತೆಗೆದ ಮೇಲೆ ಉಳಿದದ್ದೆಂದು ಅರ್ಥ. ಮೇಣದ ಬೊಂಬೆಗೆ ಮಣ್ಣು ಮೆತ್ತಿ, ಕಾಸಿ, ಮೇಣವನ್ನು ಹರಿಯಬಿಟ್ಟು, ಆ ಪೊಳ್ಳಿನಲ್ಲಿ ಲೋಹವನ್ನೆರೆಯುವ ವಿಧಾನವನ್ನು ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು (೧೧೨೬–೧೧೩೮) ತನ್ನ ‘ಮಾನಸೋಲ್ಲಾಸ’ದಲ್ಲಿ ವಿವರಿಸಿದ್ದಾನೆ. ತನ್ನ ಕೆಲಸ ಮುಗಿಸಿ ಬೆಂಕಿಗೆ ಮಾಯವಾಗುವ ದ್ರವ್ಯದ ಉಪಯೋಗವನ್ನು ನಮ್ಮ ಹಿರಿಯರು ಹೀಗೆ ಅರಿತಿದ್ದರು.

ಇನ್ನು ಕ್ರಮವನ್ನು ಹೇಳುತ್ತೇವೆ.

ಮಣ್ಣು: ಕೆರೆಯಂಗಳದ ಜೇಡಿಮಣ್ಣನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ನೆನೆಯಿಸಿ, ಬಟ್ಟೆಯಲ್ಲಿ ಸೋಸಿ, ತಿಳಿಯನ್ನು ಚೆಲ್ಲಿ, ಕೆಳಗಿನ ಗಸಿಯನ್ನು ಹದಕ್ಕೆ ತರಬೇಕು. ಬರಿಯ ಜಿಗಟು ಮಣ್ಣು ಸುಡುವಾಗ ಸೀಳುವದು. ಆದುದರಿಂದ ನುಣ್ಣನೆಯ ಮರಳನ್ನು ಸ್ವಲ್ಪ ಬೆರಸಿ ನಾದಬೇಕು. ಆದರೆ ಒರಸುವಾಗ ಮರಳಿನ ಕಣಗಳು ಹೊರಗೆದ್ದು ಮೈಯು ಒರಟಾಗುವದೆಂಬ ತೊಂದರೆ ಇದೆ. ಇದಕ್ಕೆ ಪರಿಹಾರವೇನೆಂದರೆ, ಪಾತ್ರೆಯು ಇನ್ನೂ ಹಸಿಯಾಗಿರುವಾಗ, ಮರಳು ಬೆರಸದ ಅದೇ ಮಣ್ಣಿನ ದಪ್ಪನೆಯ ನೀರನ್ನು ಹೊರಮೈಗೆ ಎರಡು ಮೂರು ಸಲ ಬಳಿಯುವದು.

ಪಾತ್ರೆ: ಹೊಸಬರಿಗೆ ತಿಗರಿಯು ಬೇಡ. ಮಣ್ಣನ್ನು ಹಗ್ಗದಂತೆ ಹೊಸೆದು, ಸುರುಳಿಯ ಮೇಲೆ ಸುರುಳಿಯಿಟ್ಟು, ಒಳಗೂ ಹೊರಗೂ ಸವರಿ ಕೂಡಿಸಿದರೆ ಗಡಿಗೆಯಾಗುವದು. ಗೋಡೆಯು ಕಿರುಬೆರಳಿನಷ್ಟು ದಪ್ಪವಿರಲಿ. ತೆಳುವಾದರೆ ಒರಸುವ ನೀರನ್ನು ತಾಳದು. ನೆರಳಿನಲ್ಲಿ, ಗಾಳಿಯು ನೇರವಾಗಿ ಬೀಸದ ಕಡೆ, ನಿಧಾನವಾಗಿ ಒಣಗಿಸಬೇಕು. ಎಷ್ಟು ದಿವಸವೆಂಬದನ್ನು ಋತುವೇ ಹೇಳಬೇಕು. ನೆರೆಯೂರಿನ ಒಬ್ಬ ಮುದುಕ ಕುಂಬಾರರು ನಮಗೆ ಕಲಿಸಿದ ಪರೀಕ್ಷೆಯು ಪಂಚಾಂಗಕ್ಕಿಂತ ನೆಚ್ಚಿಕೆಯದು: “ಮಾಸ್ತರ್ರ, ಕಣ್ಣಿಂದ ನೋಡಬ್ಯಾಡ್ರಿ. ಗಡಿಗಿ ಗಲ್ಲಕ್ಕ ಹಚ್ಚಿ ನೋಡ್ರಿ. ತಂಪು ಹತ್ತಿದ್ರ ಒಳಗ ಇನ್ನೂ ನೀರೈತ್ರಿ.”

ಅರಗು: ಬಡಗಿಗಳು ಮೇಜುಕುರ್ಚಿಗಳಿಗೆ ಪಾಲೀಶು ಕೊಡಲು ಸ್ಪಿರಿಟಿನಲ್ಲಿ ಕರಗಿಸಿಕೊಳ್ಳುವ ಅರಗೇ ಸಾಕು. ಅದು ಬೆಲ್ಲದ ತೆಳುಪಾಕದಷ್ಟು ಗಟ್ಟಿಯಾಗಿರಲಿ. ಸ್ಪಿರಿಟು ವಿಷವೂ ಹೌದು, ಕ್ಷಣದಲ್ಲಿ ಬೆಂಕಿ ಹಿಡಿಯುವ ವಸ್ತುವೂ ಹೌದು. ದೀಪ, ಒಲೆಗಳಿಂದ ದೂರದಲ್ಲಿ, ಕಿಟಕಿ ತೆರೆದಿಟ್ಟು, ಹಿರಿಯರ ಎದುರಿನಲ್ಲಿಯೇ ಮಕ್ಕಳು ಇದನ್ನು ಮುಟ್ಟತಕ್ಕದ್ದು. ಮೇಣವನ್ನು ಬಳಸುವವರು ಅದನ್ನು ನೇರವಾಗಿ ಉರಿಯ ಮೇಲಿಡದೆ, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಬೇಕು. ಜೇನುಮೇಣವು ಸುಮಾರು ೬೨ರಿಂದ ೬೪ ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗುವದು. ಮೇಣವು ಕುಂಚದಲ್ಲಿಯೇ ಬೇಗ ಹೆಪ್ಪುಗಟ್ಟುವದರಿಂದ ಸಣ್ಣ ಗೆರೆಗಳಿಗೆ ಅರಗೇ ಲೇಸು. ಚಿತ್ತಾರವನ್ನು ಮೊದಲು ಸೀಸದ ಕಡ್ಡಿಯಿಂದ ತೇಲಿಸಿ ಬರೆದುಕೊಂಡು, ಅದರ ಮೇಲೆ ಕುಂಚವನ್ನಾಡಿಸಿರಿ. ಮಣ್ಣು ಹಸಿಯಿದ್ದರೆ ಅರಗು ಹಿಡಿಯದೆ ಸುಲಿಯುವದು. ಬರೆದಾದ ಮೇಲೆ ಕನಿಷ್ಠ ಅರ್ಧ ತಾಸು ಆರಬಿಡಿರಿ.

ಒರಸುವದು: ಎರಡು ಬೋಗುಣಿ ನೀರು, ಒಂದು ಮೆತ್ತನೆಯ ಸ್ಪಂಜು. ಸ್ಪಂಜನ್ನು ಹಿಂಡಿ, ತೊಟ್ಟಿಕ್ಕದಂತೆ ಮಾಡಿಕೊಂಡು, ಎರಡು ಸಲ ಒರಸಿ, ಒಂದು ಬೋಗುಣಿಯಲ್ಲಿ ಕೆಸರನ್ನು ಬಿಟ್ಟು, ಇನ್ನೊಂದರಲ್ಲಿ ತೊಳೆದು, ಮತ್ತೆ ಒರಸಿರಿ. ಮೈಯೆಲ್ಲ ಒಂದು ಸುತ್ತು ಮುಗಿದ ಕೂಡಲೆ ನಿಲ್ಲಿಸಿ, ಆರಲು ಬಿಡಬೇಕು. ಸುತ್ತಿನಿಂದ ಸುತ್ತಿಗೆ ಮಣ್ಣು ತಗ್ಗುತ್ತ ಹೋಗುವದು. ಒಂದು ಮಿಲಿಮೀಟರಿನಷ್ಟು ಉಬ್ಬು ಬಂದರೆ ಸಾಕು. ಎರಡು ಅಂತಸ್ತಿನ ಉಬ್ಬು ಬೇಕಾದವರು, ತಗ್ಗಿದ ನೆಲವು ಒಣಗಿದ ಮೇಲೆ ಅಲ್ಲಿ ಇನ್ನೊಂದಿಷ್ಟು ಅರಗು ಬರೆದು ಮತ್ತೆ ಒರಸಬಹುದು. ಹೆಚ್ಚುಕಡಿಮೆಯನ್ನು ತಿದ್ದಲು ಒಣಮಣ್ಣನ್ನು ಉಜ್ಜಬೇಡಿರಿ; ಆ ನುಣ್ಣನೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಸುಡುವದು: ಪಾತ್ರೆಯನ್ನು ತಿರುಗಿ ಪೂರ್ತಿ ಒಣಗಿಸಿ, ಗಲ್ಲದ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಕುಂಬಾರರ ಆವಿಗೆಗೆ ಒಪ್ಪಿಸಬೇಕು. ಸುಮಾರು ೫೦೦ ಡಿಗ್ರಿ ದಾಟಿದ ಬಳಿಕ ಮಣ್ಣಿನಲ್ಲಿ ಅಡಗಿದ್ದ ಕಡೆಯ ನೀರಿನ ಅಂಶವೂ ಹೊರಟುಹೋಗಿ, ಆ ಮಣ್ಣು ಮತ್ತೆಂದೂ ನೀರಿನಲ್ಲಿ ಕರ್ಗದಂತಾಗುವದು. ಕಪ್ಪು ಘಟವು ಕೆಂಪಾಗುವಾಗ ಬದಲಾಗುವವು ಪರಮಾಣುಗಳೋ, ಇಡಿಯ ಘಟವೋ ಎಂದು ವೈಶೇಷಿಕರೂ ನೈಯಾಯಿಕರೂ ಪೀಲುಪಾಕ, ಪಿಠರಪಾಕಗಳೆಂದು ಹೆಸರಿಟ್ಟುಕೊಂಡು ಜಗಳಾಡಿದ್ದಾರೆ. ಆವಿಗೆಯ ಮುಂದೆ ಬೂದಿಯನ್ನು ಸರಿಸುತ್ತ ಕುಳಿತವನಿಗೆ, ತನ್ನ ಗಡಿಗೆಯು ಸೀಳದೆ ಹೊರಬಂದರೆ ಯಾವ ಪಕ್ಷವಾದರೂ ಸಮ್ಮತವೇ!

ನಮ್ಮ ಸೋಲುಗಳನ್ನೂ ಹೇಳಬೇಕು. ಅವು ಗೆಲವಿಗಿಂತ ಹೆಚ್ಚು ಉಪಯೋಗದವು. ಮೊದಲನೆಯ ಗಡಿಗೆಯನ್ನು ಅವಸರದಿಂದ ಒಂದೇ ಸಮನೆ ಒರಸಿದೆವು. ನೀರು ಒಳಗಿಳಿದು ಅದರ ಹೊಟ್ಟೆಯು ನಮ್ಮ ಕೈಯಲ್ಲಿಯೇ ಕುಸಿಯಿತು. ಎರಡನೆಯದರ ಮೇಲೆ ಅರಗು ಸುಲಿಯಿತು. ಮೂರನೆಯದನ್ನು ನಾವು ಬಹಳ ಮನಸ್ಸಿಟ್ಟು ಮಾಡಿದೆವು. ಅದರ ಸುತ್ತಲೂ ಕಮಲದ ಬಳ್ಳಿ, ಎಸಳಿನೊಳಗೆ ಎಸಳು, ಎಸಳಿನಲ್ಲಿ ಎಳೆಯೆಳೆಯಾದ ಗೆರೆ. ಒಟ್ಟು ಹದಿನೈದು ದಿವಸದ ಕೆಲಸ. ಆವಿಗೆಯಿಂದ ಅದು ಸುರಕ್ಷಿತವಾಗಿ ಬಂದಿತು. ನೋಡಿದವರು ಹೊಗಳಿದರು. ತೊಗರಿಬೇಳೆಯನ್ನು ತುಂಬಿ, ಗೃಹಿಣಿಯ ಮುಂದಿಟ್ಟು, ಅವರ ಕೈಯನ್ನು ಹಿಡಿದು ಅದರ ಮೇಲಿಟ್ಟೆವು. ಬೆರಳುಗಳು ಒಮ್ಮೆ ಸುತ್ತಿ ಬಂದವು, ಇನ್ನೊಮ್ಮೆ ಸುತ್ತಿದವು. “ಏನೋ ಅದ. ಭಾಳ ಅದ. ಏನಂತ ತಿಳೀವಲ್ದು,” ಎಂದರು.

ಮೊಮ್ಮಗಳು ಅಜ್ಜನ ಕಣ್ಣು ತಪ್ಪಿಸಿ ಒಂದು ಸೊಟ್ಟ ಕುಡಿಕೆಯನ್ನು ಮಾಡಿದ್ದಳು. ಅದರ ಮೇಲೆ ಬಟಾಣಿಕಾಳಿನಷ್ಟು ದಪ್ಪನೆಯ ಮೂರು ಚುಕ್ಕಿಗಳು, ಮತ್ತೇನೂ ಇಲ್ಲ. ಅಜ್ಜಿಯು ಅದನ್ನು ಎತ್ತಿಕೊಂಡ ಕೂಡಲೆ, “ಮೂರು ಚುಕ್ಕಿ. ಇದು ರಂಗೋಲಿ ಹಾಕೂ ಮುಂದ ಇಡತೀವಲ್ಲ, ಹಂಗs ಅದ,” ಎಂದು ನಕ್ಕರು. ಆ ನಗೆಯು ದಾವಣಿಯ ನಗೆಯಲ್ಲ.

ಅಂದು ರಾತ್ರಿ ನಾವು ಯೋಚಿಸಿದೆವು. ಲೂಯಿ ಬ್ರೈಲನು (೧೮೦೯–೧೮೫೨) ಅಂಧರಿಗಾಗಿ ರಚಿಸಿದ ಲಿಪಿಯಲ್ಲಿ ಆರು ಉಬ್ಬುಚುಕ್ಕಿಗಳ ಹೊರತು ಬೇರೇನೂ ಇಲ್ಲ. ಭಾರತದ ಭಾಷೆಗಳಿಗೆಲ್ಲ ಸಾಮಾನ್ಯವಾದ ಭಾರತೀ ಬ್ರೈಲು ೧೯೫೧ರಲ್ಲಿ ಅಂಗೀಕೃತವಾಗಿ, ಕನ್ನಡವನ್ನೂ ಅದರಲ್ಲಿ ಓದಬಹುದಾಗಿದೆ. ಅದರ ಚುಕ್ಕಿಗಳ ನಡುವಿನ ಅಂತರವು ಸುಮಾರು ಎರಡೂವರೆ ಮಿಲಿಮೀಟರು, ಎತ್ತರವು ಅರ್ಧ ಮಿಲಿಮೀಟರು ಮಾತ್ರ. ಚಿಕ್ಕಂದಿನಿಂದ ಕಲಿತ ಬೆರಳಿಗೆ ಅದು ಸಾಕು. ಅರವತ್ತರ ಹತ್ತಿರದ, ಒಲೆಯ ಮುಂದೆ ಕಾಯಿಗಟ್ಟಿದ ಬೆರಳಿಗೆ ಅದಕ್ಕಿಂತ ದಪ್ಪ, ಅದಕ್ಕಿಂತ ದೂರ ಬೇಕು. ನಮ್ಮ ಕಮಲದಲ್ಲಿ ಗೆರೆಗಳು ಹೆಚ್ಚಾಗಿ, ಬರಿದಾದ ನೆಲವೇ ಇರಲಿಲ್ಲ. ಬೆರಳು ಒಂದು ಉಬ್ಬನ್ನು ಅರಿಯಬೇಕಾದರೆ ಅದರ ಸುತ್ತಲೂ ನುಣುಪಾದ ತಗ್ಗು ಧಾರಾಳವಾಗಿ ಇರಬೇಕು. ನಾವು ಆ ಬಳ್ಳಿಯನ್ನು ನಮ್ಮ ಕಣ್ಣಿಗಾಗಿ ಬರೆದಿದ್ದೆವು. ಯಾರ ಸಲುವಾಗಿ ಹೊರಟಿದ್ದೆವೋ ಅವರನ್ನು ಒಂದು ಮಾತು ಕೇಳಿರಲಿಲ್ಲ.

ಅಲಂಕಾರವೆಂಬ ಶಬ್ದವನ್ನು ನಾವು ತರಗತಿಯಲ್ಲಿ ಸಾವಿರ ಸಲ ಬಿಡಿಸಿದ್ದೇವೆ. ‘ಅಲಂ’ ಎಂದರೆ ಸಾಕು, ಸಮರ್ಥ ಎಂದು ಅರ್ಥ. ಒಂದು ವಸ್ತುವನ್ನು ಅದರ ಕೆಲಸಕ್ಕೆ ಸಾಕಾಗುವಂತೆ ಮಾಡುವದು ಅಲಂಕಾರ. ಇಷ್ಟು ಹೇಳಿ, ಮರುಗಳಿಗೆಯಲ್ಲಿಯೇ ಅದನ್ನು ಮರೆತು, ಮೇಲೆ ಹೇರಿದ ಸೊಗಸೆಂಬ ಅರ್ಥದಲ್ಲಿ ಉಪಮೆ ರೂಪಕಗಳ ಪಟ್ಟಿಯನ್ನು ಹುಡುಗರಿಂದ ಒಪ್ಪಿಸುತ್ತಿದ್ದೆವು. ಆ ಮೂರು ಚುಕ್ಕಿಗಳ ಕುಡಿಕೆಯು ತನ್ನ ಕೆಲಸಕ್ಕೆ ಸಾಕಾಗಿತ್ತು.

ಮುಂದಿನ ಪಾತ್ರೆಗಳ ಚಿತ್ತಾರವನ್ನೆಲ್ಲ ಗೃಹಿಣಿಯೇ ಗೊತ್ತುಮಾಡಿದರು. ಪಡಸಾಲೆಯ ನೆಲದ ಮೇಲೆ ಬೆರಳಿನಿಂದ ಬರೆದು ತೋರಿಸುವರು, ಮೊಮ್ಮಗಳು ಅರಗಿನಿಂದ ಬರೆಯುವಳು, ನಾವು ಒರಸುವೆವು. ತೊಗರಿಬೇಳೆಗೆ ಒಂದು ಚುಕ್ಕಿ, ಕಡಲೆಬೇಳೆಗೆ ಎರಡು, ಹೆಸರಿಗೆ ಮೂರು. ಉದ್ದಿಗೆ ಉದ್ದಗೆರೆ, ಅವಲಕ್ಕಿಗೆ ಅಡ್ಡಗೆರೆ. ನೆನಪಿಡಲು ಇದಕ್ಕಿಂತ ಸುಲಭವಾದದ್ದನ್ನು ಯಾವ ವೈಯಾಕರಣನೂ ಹೇಳಲಾರನು. ಮೆಂತ್ಯಕ್ಕೆ ಒಂದು ಬಳೆ. ಸಾಸಿವೆಗೆ ಬಿಡಿಬಿಡಿಯಾಗಿ ಚೆಲ್ಲಿದ ಸಣ್ಣ ಹನಿಗಳು. ಒಂದೊಂದು ಗುರುತಿನ ಸುತ್ತಲೂ ಎರಡು ಬೆರಳಿನಷ್ಟು ಬರಿದಾದ ಮೈ. ಗುರುತು ಪಾತ್ರೆಯ ಒಂದೇ ಬದಿಗಿದ್ದರೆ ಹುಡುಕಬೇಕಾಗುವದೆಂದು ಅವರೇ ಹೇಳಿ, ನಾಲ್ಕೂ ಬದಿಗೆ ಹಾಕಿಸಿದರು.

ಉಪ್ಪಿನ ಗಡಿಗೆಯು ಮಾತ್ರ ನಮ್ಮನ್ನು ಸೋಲಿಸಿತು. ಹಿಂದಿನವರು ಉಪ್ಪನ್ನು ಮಣ್ಣಿನಲ್ಲಿಯೇ ಇಡುತ್ತಿದ್ದರಲ್ಲವೇ ಎಂದು ಅದಕ್ಕೆ ಚೌಕದ ಗುರುತು ಹಾಕಿ ತುಂಬಿಟ್ಟೆವು. ಮಳೆಗಾಲದ ತೇವಕ್ಕೆ ಉಪ್ಪು ಕರಗಿ, ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ಹೊರಬಂದು, ಹೊರಮೈಯಲ್ಲಿ ಬಿಳಿಯ ಬೂಷ್ಟಿನಂತೆ ಹರಳುಗಟ್ಟಿತು. ಹರಳುಗಳು ಬೆಳೆದಂತೆ ಮೈಯು ಹೊಪ್ಪಳಿಕೆಯೆದ್ದು ಉದುರಿತು. ಉಬ್ಬಿದ ಚೌಕವೂ ಅದರೊಡನೆ ಉದುರಿತು. ಆದುದರಿಂದ ಮೆರುಗುಲೇಪವಿಲ್ಲದ ಇಂಥ ಪಾತ್ರೆಗಳಲ್ಲಿ ಒಣಧಾನ್ಯಗಳನ್ನೂ ಒಣಕಾಳುಗಳನ್ನೂ ಮಾತ್ರ ಇಡತಕ್ಕದ್ದು. ಈಗ ಉಪ್ಪು ಪಿಂಗಾಣಿಯ ಭರಣಿಯಲ್ಲಿದೆ. ಸಕ್ಕರೆಯು ಸ್ಟೀಲಿನ ಡಬ್ಬಿಯಲ್ಲಿದೆ. ಮಣ್ಣಿನ ಸಾಲಿನಲ್ಲಿ ಅವೆರಡರ ಮೈಯೇ ಬೇರೆಯಾದದ್ದರಿಂದ ಗುರುತಿನ ಅವಶ್ಯಕತೆಯಿಲ್ಲ. ಪಾಯಸಕ್ಕೆ ಇನ್ನು ಭಯವಿಲ್ಲ.

ಎಲ್ಲವೂ ಸರಿಹೋಯಿತೆಂದು ಹೇಳಿ ವಾಚಕರನ್ನು ವಂಚಿಸಲಾರೆವು. ಹೋದ ದೃಷ್ಟಿಯು ಬಂದಿಲ್ಲ. ಹನಿಯೌಷಧವು ದಿನವೂ ನಡೆದಿದೆ. ಅವೆರಡು ಸೀಸೆಗಳೂ ಒಂದೇ ರೀತಿಯವಾದ್ದರಿಂದ ಅವಕ್ಕೆ ರಬ್ಬರಿನ ಪಟ್ಟಿಯೇ ಗತಿಯಾಗಿದೆ. ಕುದಿಯುವ ಎಣ್ಣೆಯ ಹತ್ತಿರ ಸೊಸೆಯು ಅವರನ್ನು ಬಿಡುವದಿಲ್ಲ, ಅವರಿಗೂ ಅದು ತಿಳಿದಿದೆ. ಆದರೆ ಬೆಳಗಿನ ಅವಲಕ್ಕಿಯ ಒಗ್ಗರಣೆಗೆ ಸಾಮಾನುಗಳನ್ನು ತೆಗೆದುಕೊಡುವವರು, ಬೇಳೆಯನ್ನು ಅಳೆದು ತೊಳೆದಿಡುವವರು, ಹುಳಿಗೆ ಏನು ಕಡಿಮೆಯೆಂದು ಹೇಳುವವರು ಅವರೇ. ಒಂದು ದಿವಸ ನಾವು ಸಹಾಯಕ್ಕೆಂದು ಒಳಗೆ ಹೋಗಿ, “ತೊಗರಿಬೇಳೆ ಬಲಗಡೆ ಇದೆ,” ಎಂದಾಗ, “ನನಗ ಹೇಳಬ್ಯಾಡ್ರಿ, ನಿಮಗ ತಿಳೀದಿದ್ರ ನನ್ನ ಕೇಳ್ರಿ,” ಎಂದು ಹೊರಗೆ ಕಳಿಸಿದರು. ಹಾಗೆ ಹೊರಗೆ ಹಾಕಿಸಿಕೊಂಡದ್ದು ನಮಗೆ ಹಿತವಾಯಿತು.

ಈ ಕೆಲಸವನ್ನು ಕೈಗೊಳ್ಳುವ ವಾಚಕರು ಮೊದಲು ಅಂಗೈಯಗಲದ ಬಿಲ್ಲೆಗಳ ಮೇಲೆ ಅಭ್ಯಾಸ ಮಾಡಲಿ. ಮಣ್ಣಿಗೂ ಆವಿಗೆಗೂ ತಮ್ಮೂರಿನ ಕುಂಬಾರರನ್ನು ಆಶ್ರಯಿಸಲಿ; ಅವರ ಅರ್ಧ ತಾಸಿನ ಮಾತು ಈ ಲೇಖನಕ್ಕಿಂತ ಹೆಚ್ಚು ಕಲಿಸುವದು. ಮನೆಯಲ್ಲಿ ಮಂದದೃಷ್ಟಿಯ ಹಿರಿಯರಿದ್ದರೆ, ಕುಂಚವನ್ನು ಅದ್ದುವ ಮುನ್ನ ಅವರನ್ನು ಕೇಳಲಿ.

ನಮ್ಮ ಕಮಲದ ಬಳ್ಳಿಯ ಗಡಿಗೆಯು ಒಡೆಯದೆ ಹಾಗೆಯೇ ಇದೆ. ಪಡಸಾಲೆಯ ಮೂಲೆಯಲ್ಲಿ, ಗೃಹಿಣಿಯು ಗೋಡೆಗೊರಗಿ ಕೂಡ್ರುತ್ತಿದ್ದ ಸ್ಥಳವು ಬರಿದಾಗಿತ್ತಾದ್ದರಿಂದ ಅದನ್ನು ಅಲ್ಲಿಟ್ಟಿದ್ದೇವೆ. ಬಂದವರು ನೋಡಿ ಚೆನ್ನಾಗಿದೆಯೆನ್ನುತ್ತಾರೆ.